ತೆರಿ ಬೀಳೋತನಕ

ಭೂತದ ಪಿಚ್ಚರ್ ಅಂತ ಹೇಳಿ ಕರಕೊಂಡು ಬಂದಿದ್ರು. ಬರೇ ಭೂತ ಆಗಿದ್ರ ಮಹಾನಂದಾಗ ಏನೂ ಅಂಜಿಕಿ ಇರಲಿಲ್ಲ. ಬೈಲಹೊಂಗಲದ ಬಾಡಿಗಿ ಮನ್ಯಾಗ ನಾಟಕದ ಸೀರಿ, ಕಿರೀಟ, ಚೌರಿ, ಗಡ್ಡ ಮೀಸಿ ಎಲ್ಲಾ ಟ್ರಂಕಿನ್ಯಾಗ ತುಂಬಿಟ್ಟು ಅದರ ಬಾಜೂಕನ ಮಲಗೋ ಹೆಣಮಗಳಿಗೆ ಭೂತ ಏನ ಮಾಡೀತು? ಭೂತಕ್ಕರೆ ಒಂದು ಮರ್ಯಾದಿ ಇರತೈತಿ, ಅಮಾಸಿಗೆ ಬಂದು ಹೋಗತೈತಿ. ಮನಶ್ಯಾರು ಹಂಗಲ್ಲ. ದಿನಾ ಬರತಾರ, ಚಾ ಕೇಳತಾರ.

ಈ ಮಂದಿ ಮುಂಬೈದಿಂದ ಬಂದಿದ್ರು. ಡೈರೆಕ್ಟರ್ ಅಂಬಾಂವ ಕತ್ತಲ ಖೋಲ್ಯಾಗೂ ಕರೀ ಚಷ್ಮಾ ತಗೀತಿರಲಿಲ್ಲ. ಹೀರೋ ಅಂಬಾಂವಗ ಹೀರೋ ಆಗೋ ವಯಸ್ಸು ಯಾವಾಗೋ ದಾಟಿತ್ತು. ಕ್ಯಾಮೆರಾ ಚಾಲೂ ಆದ್ರ ಹೊಟ್ಟಿ ಒಳಗ ಎಳಕೊಂತಿದ್ದ, ಬಂದ್ ಆದ್ರ ಬಿಡತಿದ್ದ. ಕ್ಯಾಮೆರಾದಾಂವ ಒಬ್ಬ ಇದ್ದ, ಬಾಯಾಗ ಗುಟಕಾ ಇಟ್ಟುಕೊಂಡು ಮಾತು ಉಳಿಸಿಕೊಂಡಾಂವ. ಉಳದವರು ಲೈಟ್ ಹೊರೋ ಆಳುಗಳು. ಕಿತ್ತೂರ ಹಾದ್ಯಾಗ ಒಂದು ಓಡೋ ಸೀನು, ಸವದತ್ತಿ ಗುಡ್ಡದ ಬುಡಕ ಒಂದು ಅಳೋ ಸೀನು ತಗದು ಮುಗಿಸಿ, ಉಳದದ್ದಕ್ಕೆಲ್ಲಾ ಸಿರಸಂಗಿ ಹಾದಿಗುಂಟ ಒಂದು ಹಳ್ಳ್ಯಾಗ ಪಾರಿವಾಳ ಬಿಟ್ರ ಯಾರೂ ಇರಲಾರದ ಹಳೇ ವಾಡೆ ಹಿಡದಿದ್ರು.

ಪಿಚ್ಚರ್ ಹಿಂದೀದು. ಟಾಕೀಜಿಗೆ ಬರೋದಲ್ಲ, ಮೊಬೈಲಿನ್ಯಾಗ ರೊಕ್ಕ ತುಂಬಿ, ಬಾಗಲಾ ಹಾಕ್ಕೊಂಡು ಒಬ್ಬೊಬ್ಬರ ನೋಡೋ ಅಂಥಾದ್ದು. ಕಥಿ ಅಂಬೋದು ಎಲಿ ತುದ್ಯಾಗಿನ ಉಪ್ಪು ಇದ್ದಂಗ, ಇರಬೇಕಂತ ಇತ್ತು. ದೊಡ್ಡ ಮನಿಗೆ ಬಂದ ಹೊಸಾ ಸೊಸಿ ಸತ್ತು ಭೂತ ಆಗತಾಳ, ಆಗೋತನಕ ಅಳತಾಳ. ಅಷ್ಟ. ಆ ಸೊಸಿ ಪಾರ್ಟು ದುರ್ಗಾಂದು. ಸೊಸಿಗೆ ಸೀರಿ ಉಡಸೋದು, ತೆಲಿ ಹಿಕ್ಕೋದು ಮಹಾನಂದಾಂದು.

ದುರ್ಗಾ ರಾಮದುರ್ಗದಾಕಿ, ಇಪ್ಪತ್ನಾಕರ ಹುಡುಗಿ. ಆಕಿ ಅವ್ವ ಸುಂದರವ್ವ ಮತ್ತ ಮಹಾನಂದಾ ಒಂದೇ ನಾಟಕ ಕಂಪನ್ಯಾಗ ಒಬ್ಬರ ಹೆರಳು ಒಬ್ಬರು ಹಾಕಿಕೋತ ಬೆಳದವರು. ಸುಂದರವ್ವ ತೀರಿಕೊಂಡ ಮ್ಯಾಲ ಮಹಾನಂದಾನ ಹುಡುಗೀನ ಬೈಲಹೊಂಗಲಕ್ಕ ಕರಕೊಂಡು ಬಂದು, ರೊಟ್ಟಿ ಬಡಿಯೋದರ ಜೋಡಿ ಪಾರ್ಟು ಮಾಡೋದನ್ನೂ ಕಲಿಸಿದ್ಲು. ಹಳ್ಳಿ ಹುಡುಗರು ನಾಟಕ ಆಡಸ್ತಾರ, ಗಂಡು ಪಾರ್ಟು ತಮ್ಮತಮ್ಮಾಗ ಹಂಚಿಕೊಂತಾರ, ಹೆಣ್ಣ ಪಾರ್ಟಿಗೆ ಇವರನ್ನ ಕರಸ್ತಾರ. ಡ್ರೈವರ್ ಅಮೀರನ ಕ್ರೂಸರ್ ಗಾಡ್ಯಾಗ ಹೋಗೋದು, ಆಡೋದು, ಬರೋದು. ನಡುವ ಯಾವನರೆ ಒಬ್ಬ ಕುಡದಾಂವ ಆಯೇರ ಮಾಡತೇನಂತ ನೋಟು ಹಿಡಕೊಂಡು ಸ್ಟೇಜ್ ಹತ್ತತಾನ, ಅದನ್ನ ಕುಪ್ಪಸಕ್ಕ ತನ್ನ ಕೈಲೇ ಪಿನ್ನು ಚುಚ್ಚಬೇಕಂತಾನ. ದುರ್ಗಾಗ ಅದು ಸಾಕು ಸಾಕಾಗಿತ್ತು.

“ಪಿಚ್ಚರಿನ್ಯಾಗ ನೋಡೋರು ಆಚೀಕನ ಇರತಾರ ಮಾವಶಿ. ಯಾರೂ ಸ್ಟೇಜ್ ಹತ್ತಿ ಮೈಮ್ಯಾಲ ಬರಂಗಿಲ್ಲ” ಅಂದಿದ್ಲು, ಅಮೀರ ಈ ಸುದ್ದಿ ತಂದ ದಿನ. ಮಹಾನಂದಾ ಬ್ಯಾಡ ಅನ್ನಬೇಕಂತ ಬಾಯಿ ತಗದಾಕಿ ಮುಚ್ಚಿಕೊಂಡ್ಲು. ಬ್ಯಾಡ ಅಂದ್ರ ಯಾಕ ಅಂತ ಕೇಳತಿದ್ಲು. ಯಾಕ ಅಂಬೋದನ್ನ ಹೇಳಬೇಕಾಗತಿತ್ತು.

ಕಂಪನಿ ನಾಟಕದಾಗ ಒಂದು ಕಟ್ಟಳಿ ಐತಿ. ಹೊರಗಿನವರಿಗೆ ಹುಚ್ಚು ಅನಸ್ತೈತಿ. ಬಣ್ಣ ಹಚ್ಚಿ, ಸ್ಟೇಜ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಒಳಗ ಕಾಲಿಟ್ಟಿ ಅಂದ್ರ, ಸೀಟಿ ಊದಿ ತೆರಿ ಬೀಳೋತನಕ ಪಾರ್ಟು ಬಿಡೂ ಹಂಗಿಲ್ಲ. ಕರೆಂಟ್ ಹೋಗಲಿ, ಚೇಳು ಕಡೀಲಿ, ಎದರಿಗಿನಾಂವ ಮಾತು ಮರತು ಓಡಿಹೋಗಲಿ. ಮಾತು ತೀರಿದ್ರ ಅಳಬೇಕು. ಅಳು ತೀರಿದ್ರ ಹಾಡಬೇಕು. ಹಾಡೂ ತೀರಿದ್ರ ಸೆರಗು ಹಿಂಡಿಕೋತ ನಿಂದ್ರು, ಆದ್ರ ನೀ ನೀನಾಗಬ್ಯಾಡ. ತೆರಿ ಬಿದ್ದ ಮ್ಯಾಲ ಮತ್ತ ನೆಲಾ ಮುಟ್ಟು, ಕಣ್ಣಿಗೆ ಒತ್ತಿಕೋ. ಆವಾಗ ಪಾರ್ಟು ಮೈಯಿಂದ ಇಳೀತೈತಿ. ಮಹಾನಂದಾ ಇದನ್ನ ದುರ್ಗಾನ ಎಲುವಿನ್ಯಾಗ ಇಳಿಸಿದ್ಲು.

ಒಮ್ಮೆ ಎಂ.ಕೆ. ಹುಬ್ಬಳ್ಳಿ ಕಡೆ ಕಬ್ಬು ನುರಸೋ ಹಂಗಾಮಿನ್ಯಾಗ ನಾಟಕ ಇತ್ತು. ಗಂಡನ ಪಾರ್ಟಿನಾಂವ ಮಾತು ಮರತ, ಸೀದಾ ಹಿಂದಿನ ಬಾಗಲದಿಂದ ಕಬ್ಬಿನ ಹೊಲಕ್ಕ ಜಿಗದು ಹೋದ. ತೆರಿ ಎಳಿಯೋ ಪುಣ್ಯಾತ್ಮ ಹಗ್ಗಾ ಹಿಡಕೊಂಡು ನಿದ್ದಿ ಹತ್ತಿದ್ದ. ದುರ್ಗಾ ಒಬ್ಬಾಕಿನ ನಿಂತ್ಲು. ಅತ್ಲು, ಹಾಡಿದ್ಲು, ಇಲ್ಲದ ಕೂಸನ್ನ ತೊಟ್ಟಲದಾಗ ತೂಗಿದ್ಲು, ಇಲ್ಲದ ಅತ್ತಿ ಜೋಡಿ ಜಗಳಾ ಮಾಡಿದ್ಲು. ಮಂದಿ ಮೂಗಿನ ಮ್ಯಾಲ ಬೆರಳಿಟ್ಟುಕೊಂಡು ನೋಡಿದ್ರು. ಮಹಾನಂದಾ ಸೈಡಿಗೆ ನಿಂತು ಸೀಟಿ ಊದೋದನ್ನ ಬೇಕಂತನ ತಡಾ ಮಾಡಿದ್ಲು, ಅಷ್ಟು ಹಿಗ್ಗಿತ್ತು ಆಕಿಗೆ. ಶಿಷ್ಯಾಳು ಅಂದ್ರ ಹಿಂಗಿರಬೇಕು ಅನಸ್ತು.

ಸೀಟಿ ಮಹಾನಂದಾನ ಕೊರಳಾಗ ಇರತಿತ್ತು, ಹಿತ್ತಾಳಿದು, ಕರೀ ದಾರಕ್ಕ ಪೋಣಿಸಿದ್ದು. ಕಂಪನಿ ಮುಚ್ಚಿದ ದಿನ ತೆರಿ ಎಳಿಯೋ ಶಟ್ಟೆಪ್ಪಜ್ಜ ಕೊಟ್ಟಿದ್ದ. “ತೆರಿ ಹೋತು ತಂಗಿ, ಸೀಟಿ ಅರೆ ಇರಲಿ” ಅಂದಿದ್ದ. ಅವತ್ತಿಂದ ಹಳ್ಳಿ ನಾಟಕಕ್ಕೆಲ್ಲಾ ಸೀಟಿ ಊದಾಕಿ ಆಕೀನ. ವಾಡೆಕ್ಕ ಬರೋವಾಗೂ ಪಿನ್ನಿನ ಗೊಂಚಲದ ಜೋಡಿ ಅದೂ ಕೊರಳಾಗ ಬಂದಿತ್ತು.

ವಾಡೇದಾಗ ಮೊದಲನೇ ದಿನ ಸಾದಾ ಸೀನು. ಸೊಸಿ ಕನ್ನಡಿ ಮುಂದ ಕುಂತು ತವರುಮನಿ ನೆನಸಿ ಅಳಬೇಕು. ಮೂರ ಮಾತು. ಆ ಮೂರೂ ಮಾತು ದುರ್ಗಾ ಚಂದಾಗಿ ಹೇಳಿದ್ಲು. ಬೈಲಹೊಂಗಲದ ಓಣ್ಯಾಗ ಬೆಳದಾಕಿಗೆ ಹಿಂದಿ ಏನ ದೊಡ್ಡದು. ಅಷ್ಟ್ರಾಗ ಡೈರೆಕ್ಟರನ ಫೋನ್ ಬಡೀತು, ಮಾತಾಡಿಕೋತ ಅಂಗಳಕ್ಕ ಹೋದ. ಕಟ್ ಅನ್ನೋದನ್ನ ಮರತ. ಅಂವಾ ಅನ್ನಲಾರದ ಕ್ಯಾಮೆರಾದಾಂವ ಬಂದ್ ಮಾಡಲಿಲ್ಲ. ಕ್ಯಾಮೆರಾ ನಡದೈತಿ ಅಂತ ದುರ್ಗಾ ನಿಂದರಲಿಲ್ಲ. ಬಳಿ ತಗದು ಒಂದೊಂದ ಎಣಿಸಿದ್ಲು. ಹೆರಳು ಬಿಚ್ಚಿದ್ಲು. ಕನ್ನಡ್ಯಾಗಿನ ತನ್ನ ಮಾರಿಗೆ ಅವ್ವಾ ಅಂತ ಕರದು, ಸೆರಗು ಬಾಯಾಗ ತುರಕಿಕೊಂಡು ಬಿಕ್ಕಿದ್ಲು. ಡೈರೆಕ್ಟರ್ ತಿರುಗಿ ಬಂದಾಗ್ಲೂ ನಡದ ಇತ್ತು. ಅಂವಾ ಬಾಗಲದಾಗ ನಿಂತ. ಮೊದಲನೇ ಸಲ ಚಷ್ಮಾ ತಗದ.

ಕಟ್ ಅಂದ ಮ್ಯಾಲ ಎಲ್ಲಾರೂ ಚಪ್ಪಾಳಿ ಹೊಡದ್ರು. ಮಹಾನಂದಾನೂ ಹೊಡದ್ಲು, ಸುಳ್ಳ ಯಾಕ ಹೇಳಬೇಕು. “ನಿಂದರೋದ ಇಲ್ಲೇನು ಈ ಹುಡುಗಿ?” ಅಂತ ಡೈರೆಕ್ಟರ್ ಹಿಂದ್ಯಾಗ ಕೇಳಿದ. ದುರ್ಗಾ ನಕ್ಕೋತ, “ನಮ್ಮ ಕಂಪನಿ ರೀತಿ ಸಾಹೇಬ್ರ, ತೆರಿ ಬೀಳೋತನಕ ನಿಂದರಂಗಿಲ್ಲ. ಇವರ ಕಲಿಸ್ಯಾರ” ಅಂತ ಮಹಾನಂದಾನ ಕಡೆ ಕೈ ಮಾಡಿದ್ಲು. ಅಂವಾ ಮಹಾನಂದಾಗ ಒಂದು ನಮಸ್ಕಾರ ಮಾಡಿದ. ಆಮ್ಯಾಲ ಕ್ಯಾಮೆರಾದಾಂವನ ಹೆಗಲ ಮ್ಯಾಲ ಕೈ ಹಾಕಿ ಮೂಲಿಗೆ ಕರಕೊಂಡು ಹೋಗಿ ಕಿವ್ಯಾಗ ಏನೋ ಹೇಳಿದ. ಆ ಹೆಗಲ ಮ್ಯಾಲಿನ ಕೈ ನೋಡಿ ಮಹಾನಂದಾನ ಚಪ್ಪಾಳಿ ಅಲ್ಲೇ ನಿಂತು ಹೋತು.

ಅಂಥಾ ಕೈ ಆಕಿ ಒಮ್ಮೆ ನೋಡಿದ್ಲು.

ಕಂಪನಿ ಮುಚ್ಚಿದ ಮ್ಯಾಲ ಹೊಟ್ಟಿಪಾಡಿಗಂತ ಮುಂಬೈಕ್ಕ ಹೋಗಿದ್ಲು ಆಕಿ, ಈಗಿನ ದುರ್ಗಾಗಿಂತ ನಾಕು ವರ್ಷ ದೊಡ್ಡಾಕಿ ಇದ್ದಾಗ. ಊರ ಹೊರಗ ಒಂದು ಬಂಗಲೆದಾಗ ಶೂಟಿಂಗ್. ಮಳಿಯಾಗ ನಿಂತು ದೇವರನ್ನ ಬೇಡಿಕೊಳ್ಳೋ ಸೀನು ಅಂದ್ರು. ಅಲ್ಲಿಯ ಡೈರೆಕ್ಟರನೂ ಕ್ಯಾಮೆರಾದಾಂವನ ಹೆಗಲ ಮ್ಯಾಲ ಕೈ ಹಾಕಿ ಕಿವ್ಯಾಗ ಏನೋ ಹೇಳಿದ, ಪೈಪಿನ ನೀರು ಬಿಟ್ರು. ಆಕಿ ಮಾತು ಹೇಳಿ ಮುಗಿಸಿದ್ಲು. ಯಾರೂ ಏನೂ ಅನ್ನಲಿಲ್ಲ. ನೀರು ಬೀಳತಿತ್ತು, ಕ್ಯಾಮೆರಾ ನಡದಿತ್ತು. ತೆರಿ ಇನ್ನೂ ಬಿದ್ದಿಲ್ಲ ಅಂತ ಆಕಿ ಅತ್ಲು, ಹಾಡಿದ್ಲು, ಮೊಣಕಾಲೂರಿದ್ಲು. ತೊಯ್ದ ಸೀರಿ ಭಾರ ಆಗಿ ಜಾರಿದ್ರೂ ಕೈ ದೇವರ ಕಡೆ ಎತ್ತಿದ್ದು ಇಳಿಸಲಿಲ್ಲ. ಪಾರ್ಟಿನ್ಯಾಗ ಕೈ ಇಳಸೋದು ಇರಲಿಲ್ಲಲ್ಲಾ. ಎಷ್ಟೊತ್ತಿನ ಮ್ಯಾಲೋ ಒಬ್ಬ ನಕ್ಕ. ಆವಾಗ ಗೊತ್ತಾತು. ಜಗಳಕ್ಕ ಹೋದ್ರ, “ನೀನ ಮಾಡಿದಿ, ನಾವೇನ ಮಾಡ ಅಂದ್ವಾ?” ಅಂದ್ರು.

ಆ ಪಿಚ್ಚರ್ ಬಂತೋ ಇಲ್ಲೋ ಆಕಿಗೆ ಗೊತ್ತಿಲ್ಲ. ಆದ್ರ ಆ ಮಳಿ ತುಣುಕನ್ನ ಕತ್ತರಿಸಿ ಎಲ್ಲೆಲ್ಲೋ ಹಚ್ಚಿದ್ರು. ಎಲ್ಲವ್ವಗ ನಡಕೊಳ್ಳಾಕ ಸವದತ್ತಿಗೆ ಹೋದಾಗ, ಸಂಬಂಧಿಕರ ಜೋಡಿ ತಂಬೂ ಟಾಕೀಜಿನ್ಯಾಗ ಡಕಾಯಿತರ ಪಿಚ್ಚರಿಗೆ ಕುಂತಿದ್ಲು. ಕುದರಿ ಓಡತಿದ್ವು, ಬಂದೂಕ ಹಾರತಿದ್ವು, ಬಿಸಲು ರಣರಣ ಇತ್ತು. ಸಂಬಂಧ ಇಲ್ಲ ಸಾಟಿ ಇಲ್ಲ, ನಡಬರಕ ಧೋ ಅಂತ ಮಳಿ ಬಂತು. ಮಳಿಯಾಗ ಆಕಿ. ಗಂಡಸರೆಲ್ಲಾ ಕೇಕಿ ಹೊಡದ್ರು. ಸೆರಗು ಮಾರಿಮ್ಯಾಲ ಎಳಕೊಂಡು ಎದ್ದು ಬಂದಾಕಿ ಅವತ್ತಿಂದ ಟಾಕೀಜಿನ ಹೊಸ್ತಿಲಾ ತುಳದಿಲ್ಲ. ಈಗ ಆ ತಂಬೂ ಹೋಗ್ಯಾವ, ಮಳಿ ಹೋಗಿಲ್ಲ. ಹೋದ ವರ್ಷ ಬೈಲಹೊಂಗಲದ ಬಸ್‌ಸ್ಟ್ಯಾಂಡಿನ್ಯಾಗ ಕಾಲೇಜ್ ಹುಡುಗನೊಬ್ಬ ಬಾಜೂಕ ಕುಂತು ಮೊಬೈಲ್ ನೋಡತಿದ್ದ. ಹಂಗ ಕಣ್ಣು ಹೊರಳಿಸಿದ್ಲು. ಅದೇ ಬಂಗಲೆ, ಅದೇ ಮಳಿ. ಹುಡುಗ ಆಕೀನ ನೋಡಿ, “ಸರಕೊಂಡು ಕುಂದರ್ರಿ ಅಜ್ಜಿ” ಅಂದ. ಆಕಿಗೆ ಮೊಣಕಾಲು ಹಿಡದ್ವು, ತೆಲಿ ಬೆಳ್ಳಗಾತು. ಆ ತುಣುಕಿಗೆ ಮಾತ್ರ ವಯಸ್ಸಾಗವಲ್ದು.

ಇದನ್ನ ಆಕಿ ಯಾರ ಮುಂದೂ ಹೇಳಿರಲಿಲ್ಲ. ಸುಂದರವ್ವನ ಮುಂದ ಸುದ್ದಾ.

ಎರಡನೇ ದಿನ ಮುಂಜಾನೆ ದುರ್ಗಾನ ಹೆರಳು ಹಾಕಿಕೋತ ಮಹಾನಂದಾ ಅಂದ್ಲು, “ಇವತ್ತ ಮಾತು ತೀರಿದ ಕೂಡ್ಲೇ ನಿಂದರ ಹುಡುಗಿ. ಅವರು ಕಟ್ ಅನ್ನಲಿ ಬಿಡಲಿ, ನೀ ಎದ್ದು ಬಾ.”

ದುರ್ಗಾ ಕನ್ನಡ್ಯಾಗಿಂದನ ಆಕಿ ಮಾರಿ ನೋಡಿದ್ಲು. “ಏನಂತೀರಿ ಮಾವಶಿ! ನಡುವ ಪಾರ್ಟು ಬಿಟ್ರ ಕಾಲು ಮುರೀತೇನಿ ಅಂದಾಕಿ ನೀವಲ್ಲಾ?”

“ಅದು ನಾಟಕ. ಇದು ಬ್ಯಾರೆ.”

“ಏನ ಬ್ಯಾರೆ? ನಿನ್ನೆ ನಿಂದರಲಿಲ್ಲಂತನ ಅಲ್ಲಾ ಅವರು ಮೆಚ್ಚಿದ್ದು? ಮುಂದಿನ ಪಿಚ್ಚರಿಗೂ ಕರೀತೇವಿ ಅಂದಾರ.”

“ಅವರು ಮೆಚ್ಚಿದ್ದು ನಿನ್ನ ಪಾರ್ಟಲ್ಲ, ನನ್ನವ್ವ.”

“ಮತ್ತೇನು?”

ಇಲ್ಲೇ ಹೇಳಬೇಕಿತ್ತು. ಮಾತು ನಾಲಗಿ ತುದಿಗೆ ಬಂತು, ಕಾದ ತುಪ್ಪ ಇದ್ದಂಗ, ಉಗುಳಾಕೂ ಆಗವಲ್ದು ನುಂಗಾಕೂ ಆಗವಲ್ದು. ಮಗಳಂಥಾ ಹುಡುಗಿ ಮುಂದ ಯಾವ ಬಾಯಿಲೆ ಹೇಳತೀ? ಮಹಾನಂದಾ ಹೆರಳಿಗೆ ಪಿನ್ನು ಚುಚ್ಚಿದ್ಲು, ಅದು ದುರ್ಗಾನ ನೆತ್ತಿಗೆ ನಟ್ಟಿತು.

“ಹಾಯ್! ಹೊಟ್ಟಿಕಿಚ್ಚಿಗೆ ಚುಚ್ಚಿದ್ರೇನು?” ಅಂತ ದುರ್ಗಾ ನಕ್ಲು. ಚಾಷ್ಟಿಗೆ ಅಂದದ್ದು. ಆದ್ರೂ ಅರ್ಧಾ ಖರೇ ಇತ್ತು ಅದರಾಗ, ಇಬ್ಬರಿಗೂ ಗೊತ್ತಾತು. ಮಹಾನಂದಾ ಹಣಗಿ ಕೆಳಗಿಟ್ಟು ಹೊರಗ ಬಂದ್ಲು.

ಅಮೀರ ಅಂಗಳದಾಗ ಗಾಡಿ ಗಾಜು ಒರಸ್ತಿದ್ದ. ನಾಟಕದ ಹೆಣಮಕ್ಕಳನ್ನ ಹನ್ನೆರಡು ವರ್ಷ ಹೊತ್ತು ತಿರುಗಿದಾಂವ. ಹಾದ್ಯಾಗ ಒಬ್ಬ ಕೆಟ್ಟ ಮಾತಾಡಿದ್ರ ಸ್ಟೇರಿಂಗ್ ಬಿಟ್ಟು ಇಳೀತಿದ್ದ. ಈ ಪಿಚ್ಚರಿನವರಿಗೂ ಅವನ ಗಾಡಿ ಒಂದೇ ಗತಿ. ಸಾಮಾನು, ಮಂದಿ, ಊಟ ಎಲ್ಲಾ ಅದರಾಗ. ಮಹಾನಂದಾನ ಮಾರಿ ನೋಡಿ ಅಂವಾ ಒರಸೋದು ಬಿಟ್ಟ.

“ಇವತ್ತ ಒಳಗ ಖರೇ ಏನ ತಗೀತಾರೋ ತಮ್ಮಾ?”

“ನನಗೇನ ಗೊತ್ತರೀ ಅಕ್ಕಾರ. ನಾ ಗಾಡಿ ಹೊಡ್ಯಾಂವ.”

“ಗಾಡಿ ಹೊಡ್ಯಾಂವಗ ಹಿಂದ ಕುಂತವರ ಮಾತು ಕೇಳಸ್ತಾವ. ಕಿವಿ ಎಲ್ಲಿ ಒತ್ತಿ ಇಟ್ಟಿ?”

ಅಮೀರ ಅರಿವಿ ಹಿಂಡಿದ. ಮತ್ತ ಹಿಂಡಿದ. “ಮಲಗೋ ಖೋಲಿ ಸೀನು. ಹೆಂಡತಿ ಬ್ಯಾಡ ಬ್ಯಾಡಂತ ಬೇಡಿಕೋಬೇಕಂತ, ಗಂಡ ಕೈ ಹಿಡೀತಾನಂತ, ಅಷ್ಟ ಬರದೈತಿ ಅಂದ್ರು. ಆದ್ರ…” ಅಂತ ನೆಲಾ ನೋಡಿದ. “ನಿನ್ನೆ ಶೂಟಿಂಗ್ ಮುಗಿಸಿ ಅವರನ್ನ ಬಿಡಾಕ ಹೋಗೋವಾಗ ಗಾಡ್ಯಾಗ ಡೈರೆಕ್ಟರ್ ಎಲ್ಲಾರಿಗೂ ಹೇಳಿದ. ನಾಳೆ ಯಾರೂ ಕಟ್ ಅನ್ನಬ್ಯಾಡ್ರಿ, ಆಕಿ ತಾನ ನಿಂದರೋದಿಲ್ಲ ಅಂದ. ಎಲ್ಲಾರೂ ನಕ್ರು. ಹೀರೋಗೂ ಹೇಳ್ಯಾನ, ನೀನೂ ನಿಂದರಬ್ಯಾಡ ಅಂತ.”

“ನೀನೂ ನಕ್ಕೇನು?”

“ನಮ್ಮ ಫಿಜಾ ದುರ್ಗಾಗಿಂತ ಎರಡು ವರ್ಷಕ್ಕ ಸಣ್ಣಾಕಿ ಅಕ್ಕಾರ” ಅಂದ ಅಮೀರ. ಮಗಳ ಹೆಸರು ಹೇಳಿದಾಂವ ಮತ್ತ ಮಾರಿ ಎತ್ತಲಿಲ್ಲ.

ಮಹಾನಂದಾ ಒಳಗ ಓಡಿದ್ಲು. ಆದ್ರ ಲೈಟಿನ ಆಳೊಬ್ಬ ಖೋಲಿ ಬಾಗಲದಾಗ ಅಡ್ಡ ನಿಂತಿದ್ದ. ಒಳಗ ಬೇಕಾದವರಷ್ಟ ಇರಬೇಕಂತ, ಹೆಣಮಕ್ಕಳು ಇದ್ರ ಹುಡುಗಿ ನಾಚತಾಳಂತ. ಹೆಣಮಕ್ಕಳಿದ್ರ ನಾಚತಾಳಂತ, ಗಂಡಸರಿದ್ರ ನಾಚಂಗಿಲ್ಲಂತ! ಏನ ನ್ಯಾಯ ಅದು ಶಿವನ. ಬಾಗಲಾ ಹಾಕಿದ್ರು. ಹೊರಗ ಸುಡೋ ಮಧ್ಯಾಹ್ನ. ಒಳಗ ರಾತ್ರಿ ಮಾಡಬೇಕಂತ ಕಿಡಕಿಗೆಲ್ಲಾ ಕರೀ ತಾಡಪತ್ರಿ ಹೊಡದಿದ್ರು. ಜನರೇಟರ್ ಗುರುಗುಟ್ಟತಿತ್ತು.

ಆಕಿ ಪಡಸಾಲ್ಯಾಗ ಬಾಗಲಕ್ಕ ಬೆನ್ನು ಹಚ್ಚಿ ಕುಂತ್ಲು. ದಣಿವು ಅಂದ್ರ ದಣಿವು. ಕಾಲಿನ ದಣಿವಲ್ಲ, ಒಂದೇ ಕೆಟ್ಟ ನಾಟಕವನ್ನ ಎರಡನೇ ಸಲ ನೋಡಬೇಕಾದಾಗ ಬರೋ ದಣಿವು. ಮಾತು ಎಲ್ಲಾ ಮೊದಲ ಗೊತ್ತು, ಬದಲಿ ಮಾಡಾಕ ಬರಂಗಿಲ್ಲ. ಏನರೆ ಆಗಲಿ, ಹುಡುಗೀಗೆ ಇಪ್ಪತ್ನಾಕು, ಬುದ್ಧಿ ಐತಿ, ತಾನ ಎದ್ದು ಬರತಾಳ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡ್ಲು. ಹೇಳಿಕೋತ ಹೇಳಿಕೋತ ಅದು ಸುಳ್ಳ ಅಂತ ಗೊತ್ತಿತ್ತು. ಏಳಬ್ಯಾಡ ಅಂತ ಕಲಿಸಿದಾಕಿ ತಾನ ಅಲ್ಲೇನು?

ಒಳಗ ಸೀನು ಚಾಲೂ ಆತು. ದುರ್ಗಾನ ಧ್ವನಿ ಸ್ವಚ್ಛ ಕೇಳಸ್ತಿತ್ತು. ಬೇಡಿಕೊಳ್ಳೋ ಮಾತು ಒಂದು, ಎರಡು, ಮೂರು. ಅಲ್ಲಿಗೆ ಬರದದ್ದು ಮುಗೀತು; ಮುಂಜಾನೆ ಆಕಿಗೆ ಬಾಯಿಪಾಠ ಮಾಡಸಿದಾಕಿ ಮಹಾನಂದಾನ. ಈಗ ಕಟ್ ಅನ್ನಬೇಕು. ಆಕಿ ಉಸರು ಹಿಡದ್ಲು.

ಯಾರೂ ಅನ್ನಲಿಲ್ಲ.

ದುರ್ಗಾ ಮುಂದುವರಿಸಿದ್ಲು. ಹಿಂದ್ಯಾಗ ತನ್ನ ಸ್ವಂತದ ಮಾತು ಹಚ್ಚಿದ್ಲು, ಅವು ಲಗೂನ ತೀರಿದ್ವು. ಮಂಚ ಸರದ ಸಪ್ಪಳ ಬಂತು. ಬಳಿ ಒಡದ ಸಪ್ಪಳ ಬಂತು. ದುರ್ಗಾ ಕನ್ನಡಕ್ಕ ಬಂದ್ಲು, ಎಂ.ಕೆ. ಹುಬ್ಬಳ್ಳ್ಯಾಗ ಇಲ್ಲದ ಅತ್ತಿಗೆ ಹೇಳಿದ ಮಾತು, “ನನ್ನ ಬಿಡ್ರಿ, ನಾ ತವರಿಗೆ ಹೋಗತೇನಿ, ನನ್ನ ಬಿಡ್ರಿ.” ಅವತ್ತ ಅದನ್ನ ಕೇಳಿ ಮಂದಿ ಅತ್ತಿದ್ರು. ಇವತ್ತ ಅದೇ ಮಾತು ಹರಕು ಹರಕಾಗಿ ಬರತಿತ್ತು. ಪಾರ್ಟಿನ ಅಂಜಿಕಿ ಹೊಟ್ಟಿಯಿಂದ ಏಳತೈತಿ, ದೂರ ಕುಂತವರಿಗೂ ಮುಟ್ಟತೈತಿ. ಖರೇ ಅಂಜಿಕಿಗೆ ಅಷ್ಟು ದಮ್ಮ ಇರಂಗಿಲ್ಲ. ಹುಡುಗಿ ಅಂಜಿದ್ಲು. ಅಂಜಿದ್ರೂ ಪಾರ್ಟು ಬಿಡವಲ್ಲಳು, ತೆರಿ ಬೀಳಲಿ ಅಂತ ಕಾಯಾಕ ಹತ್ಯಾಳ.

ಮಹಾನಂದಾನ ಕೈ ಕೊರಳಿಗೆ ಹೋತು. ಪಿನ್ನಿನ ಗೊಂಚಲದಾಗ ಸೀಟಿ ಸಿಕ್ಕೊಂಡಿತ್ತು, ಜಗ್ಗಿದ್ಲು, ದಾರಾ ಹರೀತು. ಬಾಯಿಗಿಟ್ಟು ಊದಿದ್ಲು. ಶಟ್ಟೆಪ್ಪಜ್ಜ ಊದತಿದ್ದ ಹಂಗ, ಒಂದು ಉದ್ದಂದು, ಉಸರು ಮುಗಿಯೋತನಕ. ವಾಡೆ ತುಂಬ ಪಾರಿವಾಳ ಬರ್‌ರ್ ಅಂತ ಎದ್ವು.

ಒಳಗ ದುರ್ಗಾನ ಧ್ವನಿ ಮಾತಿನ ನಡುವ ಕಡಕೊಂಡು ನಿಂತಿತು.

ಒಳಗಿನಿಂದ ಬಾಗಲಾ ಒತ್ತಿ ಹಿಡದಾಂವ ಗಾಬರ್ಯಾಗಿ ಸರದ. ಮಹಾನಂದಾ ಹೆಗಲು ಹಚ್ಚಿ ಬಾಗಲಾ ದೂಡಿ ಒಳಗ ಹೊಕ್ಲು, ಯಾರ ಮಾರೀನೂ ನೋಡಲಿಲ್ಲ, ಸೀದಾ ಕಿಡಕಿಗೆ ಹೋಗಿ ಕರೀ ತಾಡಪತ್ರೀನ ಎರಡೂ ಕೈಲೆ ಹಿಡದು ಜೋತು ಬಿದ್ಲು. ಮೊಳಿ ಕಿತಕೊಂಡು ಅದು ಧಪ್ ಅಂತ ಬಿತ್ತು. ಖೋಲಿ ತುಂಬ ಮಧ್ಯಾಹ್ನದ ಬಿಸಲು ಬಂತು. ಅಷ್ಟೊತ್ತಿನ ರಾತ್ರಿ ಎಲ್ಲಿ ಹೋತೋ ಏನೋ. ಉಳದದ್ದು ಒಂದು ಹಳೇ ಮಂಚ, ಹೊಟ್ಟಿ ಬಿಟ್ಟು ನಿಂತ ಹೀರೋ, ಬೆವತ ನಾಕು ಗಂಡಸರು. ಮೂಲ್ಯಾಗ ಗ್ವಾಡಿಗೆ ಹತ್ತಿ ದುರ್ಗಾ, ಹೆಗಲ ಮ್ಯಾಲ ಹರದ ಕುಪ್ಪಸ, ಸೆರಗನ್ನ ಎರಡೂ ಮುಷ್ಟ್ಯಾಗ ಹಿಡದಾಕಿ. ಮಣಿಕಟ್ಟಿನ್ಯಾಗ ಬಳಿ ಚುಚ್ಚಿ ರಕ್ತ ಬಂದಿತ್ತು. ಆಕಿ ಬಿದ್ದ ತಾಡಪತ್ರಿ ನೋಡಿದ್ಲು. ನೆಲಾ ಮುಟ್ಟಿ ಕಣ್ಣಿಗೆ ಒತ್ತಿಕೊಂಡ್ಲು. ಆಮ್ಯಾಲ, ಆವಾಗ, ಚೀರಿ ಅತ್ಲು.

ಮಹಾನಂದಾ ತನ್ನ ಮೈಮ್ಯಾಲಿನ ಶಾಲು ತಗದು ಆಕಿಗೆ ಹೊಚ್ಚಿದ್ಲು. ಡೈರೆಕ್ಟರ್ ಹರಕ ಬಾಯಿ ಬಿಟ್ಟಿದ್ದ, ಏನ ತಮಾಷಾ ಇದು, ಯಾರು ಬಿಟ್ರು ಈ ಮುದಕೀನ ಅಂತ. ಒದರಿ ಒದರಿ ಕಡೀಕ ತಣ್ಣಗ ಅಂದ, “ನಾ ಏನ ಮಾಡ್ಸಿದ್ನಿ? ಆಕೀನ ಮಾಡಿದ್ಲು. ಬ್ಯಾಡಾಗಿದ್ರ ನಿಂದರಬೇಕಿತ್ತು.”

ಅದೇ ಮಾತು. ಇಷ್ಟು ವರ್ಷದಾಗ ಈ ಮಂದಿಗೆ ಒಂದು ಹೊಸಾ ಮಾತು ಬರಕೊಳ್ಳಾಕ ಆಗಿಲ್ಲ.

“ಆಕಿ ಪಾರ್ಟು ಆಕಿ ಮಾಡಿದ್ಲು” ಅಂದ್ಲು ಮಹಾನಂದಾ. ಒದರಲಿಲ್ಲ. ಒದರಾಕ ಉಸರು ಉಳದಿರಲಿಲ್ಲ. “ತೆರಿ ಹಗ್ಗಾ ನಿನ್ನ ಕೈಯಾಗ ಇತ್ತೋ ಭಾಡ್ಯಾ.”

ಕನ್ನಡದಾಗ ಅಂದದ್ದು ಅವಂಗ ತಿಳೀಲಿಲ್ಲ, ಬೈಗಳಂತ ಮಾತ್ರ ತಿಳೀತು. ಅಷ್ಟ್ರಾಗ ಹೊರಗ ಜನರೇಟರ್ ಕೆಮ್ಮಿ ನಿಂತು ಹೋತು. ಅಮೀರ ಬಾಗಲಕ್ಕ ಬಂದ, ಗಾಡಿ ಚಾವಿ ಅಂಗೀ ಕಿಸೆದಾಗ ಹಾಕ್ಕೊಂಡು ಹಿಂದ್ಯಾಗ ಅಂದ. “ಇವತ್ತ ತಗದದ್ದೆಲ್ಲಾ ಅಳಿಸಿಬಿಡ್ರಿ ಸಾಹೇಬ್ರ. ನನ್ನ ಕಣ್ಣ ಮುಂದ. ಅಳಸೋತನಕ ಗಾಡಿ ಹಂದ್ಯಾಡಂಗಿಲ್ಲ. ಈ ಊರಿಗೆ ಬಸ್ಸು ಬರಂಗಿಲ್ಲ. ಆದ್ರ ನಾ ಒಂದು ಮಾತು ಅಂದ್ರ ಊರಾಗಿನ ಹೆಣಮಕ್ಕಳು ಬರತಾರ, ಕೈಯಾಗ ಏನಿರತೈತೋ ನಂಗೊತ್ತಿಲ್ಲ.”

ಡೈರೆಕ್ಟರ್ ಕೇಸು ಅಂದ, ಪೊಲೀಸು ಅಂದ. ಪೊಲೀಸರನ್ನ ಕರೀರಿ, ನಾವೂ ಅದನ್ನ ಅನ್ನಾಕ ಹತ್ತೇವಿ ಅಂದ ಅಮೀರ. ಕಡೀಕ ಬಾಯಿ ಬಿಡಲಾರದ ಕ್ಯಾಮೆರಾದಾಂವ ಗುಟಕಾ ಉಗುಳಿ ಬಂದ. ಕ್ಯಾಮೆರಾದ ಪರದೆ ಮಹಾನಂದಾನ ಕಡೆ ತಿರುವಿ ಗುಂಡಿ ಒತ್ತಿದ. ಆವತ್ತಿನ ಚಿತ್ರ ಇದ್ದ ಜಾಗ ಖಾಲಿ ಆತು. ಅಂವಾ ಆಕಿ ಮಾರಿ ನೋಡಲಿಲ್ಲ. ಅವಂಗೂ ಮನ್ಯಾಗ ಯಾರೋ ಇದ್ದಿರಬೇಕು, ಅಥವಾ ಅವಂಗೂ ಸಾಕಾಗಿರಬೇಕು.

ಖರೇನ ಅಳಿಸಿದ್ನೋ, ಆ ಮಶೀನಿಗೆ ಇನ್ನೊಂದು ಹೊಟ್ಟಿ ಇತ್ತೋ, ದೇವರಿಗೇ ಗೊತ್ತು. ಮಹಾನಂದಾಗ ನಂಬಿಕಿ ಇರಲಿಲ್ಲ. ಸೀಟಿ ಆದ ಮ್ಯಾಲ ಆಗಬೇಕಂತ ಇದ್ದದ್ದು ಆಗಲಿಲ್ಲ, ಅದು ಯಾವ ಹೊಟ್ಟ್ಯಾಗೂ ಇಲ್ಲ, ಅಷ್ಟು ಮಾತ್ರ ಖರೇ.

ಅಮೀರ ಮೊದಲ ಇವರಿಬ್ಬರನ್ನ ಕರಕೊಂಡು ಹೊಂಟ. ಪಿಚ್ಚರಿನವರು ಸಾಮಾನಿನ ಮ್ಯಾಲ ಕುಂತು ಕಾಯಲಿ ಅಂದ. ಹೊತ್ತು ಇಳೀತಿತ್ತು. ಹಾದ್ಯಾಗ ಕಬ್ಬಿನ ಟ್ರ್ಯಾಕ್ಟರ್ ಒಂದರ ಹಿಂದೊಂದು, ದಾಟಾಕ ಆಗವಲ್ದು. ದುರ್ಗಾ ಶಾಲಿನ್ಯಾಗ ಮಾರಿ ಹುದಗಿಸಿಕೊಂಡು ಕುಂತಾಕಿ ಮಾರಿ ಎತ್ತಿ ಕೇಳಿದ್ಲು.

“ನಿಮಗ ಮೊದಲ ಗೊತ್ತಿತ್ತು ಮಾವಶಿ. ಹೆಂಗ?”

ಮಹಾನಂದಾ ಕಿಡಕಿ ಹೊರಗ ನೋಡಿದ್ಲು. ಅಮೀರ ಮುಂದಿನ ಕನ್ನಡಿ ಮ್ಯಾಲಕ್ಕ ತಿರುವಿಟ್ಟ, ಹಿಂದಿನವರು ಕಾಣಬಾರದಂತ. ಆವಾಗ ಆಕಿ ಹೇಳಿದ್ಲು. ಬಂಗಲೆ ಹೇಳಿದ್ಲು, ಪೈಪಿನ ನೀರು ಹೇಳಿದ್ಲು, ಎತ್ತಿದ ಕೈ ಇಳಿಸಲಾರದ್ದು ಹೇಳಿದ್ಲು, ಸವದತ್ತಿ ತಂಬೂ, ಬಸ್‌ಸ್ಟ್ಯಾಂಡಿನ ಹುಡುಗ. ಕತ್ತು ಬಗ್ಗಿಸಿ, ಕೊರಳಿನ ಹರದ ದಾರಾ ಬೆರಳಿಗೆ ಸುತ್ತಿಕೋತ ಹೇಳಿದ್ಲು. ದುರ್ಗಾ ಎಲ್ಲಾ ಕೇಳಿದ್ಲು.

“ಆಮ್ಯಾಲ ಯಾರು ನಿಲ್ಲಿಸಿದ್ರು?”

“ಯಾರೂ ಇಲ್ಲ” ಅಂದ್ಲು ಮಹಾನಂದಾ. “ನಂದು ಇನ್ನೂ ನಡದೈತಿ ದುರ್ಗಿ. ಯಾವನ ಕೈಯಾಗೋ, ಯಾವ ಊರಾಗೋ, ಈಗೂ ಮಳಿ ಬೀಳಾಕ ಹತ್ತಿರಬೇಕು. ಆ ಪಾರ್ಟಿಗೆ ನಾ ಇಷ್ಟು ವರ್ಷ ನೆಲಾ ಮುಟ್ಟೇ ಇಲ್ಲ.”

ದುರ್ಗಾ ಶಾಲಿನ್ಯಾಗಿಂದ ಕೈ ತಗದ್ಲು. ಬಳಿ ಚುಚ್ಚಿದ ಜಾಗಕ್ಕ ರಕ್ತ ಒಣಗಿತ್ತು. ಮಹಾನಂದಾನ ಮುಷ್ಟಿ ಬಿಡಿಸಿ ಸೀಟಿ ತಗೊಂಡ್ಲು, ಸೆರಗಿನ್ಯಾಗ ಒರಸಿದ್ಲು, ಬಾಯಿಗಿಟ್ಟು ಊದಿದ್ಲು. ಒಂದು ಉದ್ದಂದು, ಉಸರು ಮುಗಿಯೋತನಕ. ಮುಂದಿನ ಟ್ರ್ಯಾಕ್ಟರಿನಾಂವ ಹಾದಿ ಕೇಳಿದ್ರಂತ ತಿಳದು ಬಾಜೂಕ ಸರದ.

“ತೆರಿ ಬಿತ್ತು ಮಾವಶಿ” ಅಂದ್ಲು ದುರ್ಗಾ.

ಮಹಾನಂದಾ ನೋಯೋ ಮೊಣಕಾಲಿನ ಮ್ಯಾಲ ಬಗ್ಗಿ, ಗಾಡಿ ತಳದಾಗಿನ ಧೂಳಾ ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡ್ಲು.